ಕಾಲುವೆಯ ಕಡೆಗೆ ಎರಡು ಹಾರ್ನ್

ಸಭೆ ನಾಲ್ಕು ಗಂಟೆಗೆ ಎಂದರೆ ಮೈಕಣ್ಣ ಎರಡಕ್ಕೇ ಮೈದಾನದಲ್ಲಿರುತ್ತಿದ್ದ. ತಳ್ಳುಗಾಡಿಯಿಂದ ಆಂಪ್ಲಿಫೈಯರ್ ಇಳಿಸಿ, ಮೇಜು ಅಲುಗದಂತೆ ಕಾಲಡಿಗೆ ರಟ್ಟು ಕೊಟ್ಟು, ಯಾರೂ ಎಡವಿ ಬೀಳದ ಹಾಗೆ ವೈರುಗಳನ್ನು ಬೇಲಿಯ ಅಂಚಿಗೇ ಎಳೆದು, ಆಮೇಲೆ ಏಣಿ ಹತ್ತಿ ಕಂಬಕ್ಕೆ ಹಾರ್ನ್ ಕಟ್ಟುವುದು ಅವನ ಕ್ರಮ. ಮೂವತ್ತು ವರ್ಷದಿಂದ ಊರಿನ ಮದುವೆ, ಚುನಾವಣೆ, ಶಾಲೆಯ ವಾರ್ಷಿಕೋತ್ಸವ, ಸಂತಾಪಸಭೆ ಎಲ್ಲಕ್ಕೂ ಅವನದೇ ಮೈಕು. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ‘ಮೈಕು ಕೈಕೊಟ್ಟಿತು’ ಎಂಬ ಮಾತು ಅವನ ಬಗ್ಗೆ ಒಮ್ಮೆಯೂ ಬಂದದ್ದಿಲ್ಲ. ಅದೊಂದೇ ಅವನ ಜಂಬ.

ಇಷ್ಟು ವರ್ಷದಲ್ಲಿ ಅವನು ಒಂದು ಭಾಷಣವನ್ನೂ ಕೇಳಿರಲಿಲ್ಲ ಎಂದರೆ ಜನ ನಗುತ್ತಿದ್ದರು. ಆದರೆ ಅದು ನಿಜ. ಅವನ ಕಿವಿ ಹಿಡಿಯುತ್ತಿದ್ದದ್ದು ದನಿಯನ್ನು ಮಾತ್ರ. ಇವರ ದನಿ ಮೂಗಿನಲ್ಲಿದೆ, ಅವರು ಮೈಕನ್ನು ನುಂಗುವ ಹಾಗೆ ನಿಲ್ಲುತ್ತಾರೆ, ಇನ್ನೊಬ್ಬರು ಮೈಕು ಕಂಡರೆ ಇಳಿಯುವವರೇ ಅಲ್ಲ, ಇಷ್ಟೇ ಅವನ ಲೆಕ್ಕ. “ಮಾತು ಅವರದು ಕಣೇ, ಸದ್ದು ನಂದು,” ಎಂದು ಹೆಂಡತಿಗೆ ಹೇಳುತ್ತಿದ್ದ.

ಅಂದಿನದು ಸಂತಾಪಸಭೆ. ಹತ್ತು ದಿನದ ಹಿಂದೆ ಪೇಟೆಯ ತಿರುವಿನಲ್ಲಿ ಬಸ್ಸೊಂದರಲ್ಲಿ ಬಾಂಬು ಸಿಡಿದು ಹನ್ನೊಂದು ಜನ ಸತ್ತಿದ್ದರು. ಸಿಕ್ಕಿಬಿದ್ದ ಇಬ್ಬರು ಕಾಲುವೆಯ ಆಚೆ ದಡದವರು. ಆಚೆಯವರ ಪ್ರಾರ್ಥನೆ ಬೇರೆ, ಮನೆಮಾತು ಬೇರೆ. ಆದರೂ ಮೂರು ತಲೆಮಾರಿನಿಂದ ಒಂದೇ ಸೇತುವೆ, ಒಂದೇ ಸಂತೆ. ಬಾಂಬು ಸಿಡಿದ ಮೇಲೆ ಈಚೆಯ ಅಂಗಡಿಗಳಲ್ಲಿ ಆಚೆಯವರಿಗೆ ಸಾಮಾನು ಕೊಡುವುದನ್ನು ನಿಲ್ಲಿಸಿದ್ದರು.

ಬಸ್ಸಿನಲ್ಲಿ ಸತ್ತವರಲ್ಲಿ ಚಿಕ್ಕ ಭಂತೆಯ ತಂಗಿಯೂ ಒಬ್ಬಳು. ಬೌದ್ಧ ಭಿಕ್ಷುಗಳನ್ನು ಆ ಊರಲ್ಲಿ ಭಂತೆ ಎಂದೇ ಕರೆಯುವುದು. ವಿಹಾರದಲ್ಲಿ ಇದ್ದವರು ಇಬ್ಬರು. ಎಪ್ಪತ್ತು ದಾಟಿದ ದೊಡ್ಡ ಭಂತೆ, ಮೂವತ್ತರ ಆಸುಪಾಸಿನ ಚಿಕ್ಕ ಭಂತೆ. ಹಿರಿಯರು ಸಭೆಯನ್ನು ವಿಹಾರದ ಒಳಗೇ, ಮೈಕಿಲ್ಲದೆ ಮಾಡಿ ಎಂದಿದ್ದರು. ವಿಹಾರ ಸಮಿತಿಯ ಅಧ್ಯಕ್ಷರಾದ ಜವಳಿ ಸಾಹುಕಾರರು ಒಪ್ಪದೆ ಮೈದಾನ ಗೊತ್ತುಮಾಡಿದ್ದರು.

ಮೂರು ಗಂಟೆಯ ಹೊತ್ತಿಗೆ ಚಿಕ್ಕ ಭಂತೆ ಒಬ್ಬರೇ ಬಂದು ಕಂಬದ ಕೆಳಗೆ ನಿಂತರು.

“ಮೈಕಣ್ಣ, ಆ ಎರಡು ಹಾರ್ನ್ ಕಾಲುವೆ ಕಡೆ ತಿರುಗಿಸ್ತೀರಾ?”

“ಆ ಕಡೆ ಯಾರೂ ಕೂರಲ್ಲ ಭಂತೇ. ಬರೀ ತಗ್ಗು, ಆಮೇಲೆ ನೀರು.”

“ನೀರಿನ ಆಚೆ ಜನ ಇದಾರಲ್ಲ. ಅವರೂ ಕೇಳಲಿ.”

ಮೈಕಣ್ಣ ಏಣಿಯ ಮೇಲಿಂದ ಅವರ ಮುಖ ನೋಡಿದ. ಹತ್ತು ದಿನದಿಂದ ನಿದ್ದೆ ಕಾಣದ ಕಣ್ಣು.

“ನನ್ನ ತಂಗೀದು ಒಂದು ಚಪ್ಪಲಿ ಸಿಕ್ತು ಮೈಕಣ್ಣ. ಎಡಗಾಲಿಂದು. ಅದನ್ನೇ ಸುಟ್ಟು ಬಂದ್ವಿ,” ಎಂದರು ಚಿಕ್ಕ ಭಂತೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಗುರುಗಳು ತಾಳ್ಮೆ ಅಂತಾರೆ. ಇಪ್ಪತ್ತು ವರ್ಷ ಅವರು ಹೇಳಿದ ಹಾಗೇ ಕೂತೆ. ಯಾರ ತಾಳ್ಮೆಯಿಂದ ಯಾರು ಬದುಕಿದರು, ನೀವೇ ಹೇಳಿ.”

ಮೈಕಣ್ಣ ಬೋಲ್ಟು ಸಡಿಲಿಸಿ, ಎರಡು ಹಾರ್ನ್‌ಗಳನ್ನೂ ಕಾಲುವೆಯ ಕಡೆ ತಿರುಗಿಸಿ, ಮತ್ತೆ ಬಿಗಿದ. ಗಾಳಿಗೆ ಅಲುಗಬಾರದೆಂದು ತಂತಿಯನ್ನೂ ಒಂದು ಸುತ್ತು ಬಿಗಿದ. ಮಾಡುವ ಕೆಲಸವನ್ನು ಅರ್ಧಂಬರ್ಧ ಮಾಡಿ ಅವನಿಗೆ ಗೊತ್ತಿರಲಿಲ್ಲ.

ಚಿಕ್ಕ ಭಂತೆಯ ಭಾಷಣ ಶುರುವಾದಾಗ ಎಂದಿನಂತೆ ಅವನು ದನಿಯನ್ನಷ್ಟೇ ಕೇಳುತ್ತಿದ್ದ. ಮೊದಲು ತಗ್ಗಿದ ದನಿ, ಆಮೇಲೆ ನಡುಗಿದ್ದು, ಆಮೇಲೆ ಏರಿದ್ದು. ಏರಿದಾಗ ಹಾರ್ನ್ ಶಿಳ್ಳೆ ಹೊಡೆಯಿತು. ಮೈಕಣ್ಣ ಗುಂಡಿ ತಿರುಗಿಸಿ ಅದನ್ನು ಸರಿಮಾಡಿದ. ದನಿ ತಿಳಿಯಾಯಿತು. ಆಗ ಮಾತೂ ಕಿವಿಗೆ ಬಿತ್ತು. “ಕಾಲುವೆ ಅಗಲ ಎಷ್ಟು? ಮೂವತ್ತು ಹೆಜ್ಜೆ. ಮೂವತ್ತು ಹೆಜ್ಜೆ ಇಡೋಕೆ ಇನ್ನೆಷ್ಟು ಹೆಣ ಬೇಕು ನಿಮಗೆ? ಏಳಿ!” ಕುರ್ಚಿಗಳು ಒಂದರ ಮೇಲೊಂದು ಉರುಳಿದವು. ಜನ ಸೇತುವೆಯ ಕಡೆ ಓಡಿದರು. ಹಲವರ ಕೈಯಲ್ಲಿ ಮೊದಲೇ ತಂದಿದ್ದ ಸೀಮೆಎಣ್ಣೆಯ ಕ್ಯಾನುಗಳಿದ್ದವು. ಮೈಕಣ್ಣನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಒಂದು ಸುತ್ತು ಹಿಂದಕ್ಕೆ ತಿರುಗಿಸಿದ್ದರೆ ಆ ದನಿ ಅಲ್ಲಿಗೇ ನಿಲ್ಲುತ್ತಿತ್ತು. ಅವನು ತಿರುಗಿಸಲಿಲ್ಲ.

ಹೊತ್ತು ಮುಳುಗುವ ಮೊದಲೇ ಆಚೆ ದಡದ ನಲವತ್ತೊಂದು ಮನೆ ಬೂದಿಯಾಗಿದ್ದವು. ಒಂಬತ್ತು ಜನ ಸತ್ತಿದ್ದರು.

*

ದೊಡ್ಡ ಭಂತೆ ಆ ಸಂಜೆ ಸೇತುವೆಯ ನಡುವೆ ಕೈ ಅಗಲಿಸಿ ನಿಂತಿದ್ದರು. ಆ ಸೇತುವೆ ಅವರಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಗಲಭೆಯಲ್ಲಿ ಎರಡೂ ಕಡೆಯವರು ಒಬ್ಬರ ನೀರಿನ ಲಾರಿಯನ್ನು ಇನ್ನೊಬ್ಬರು ತಡೆದಿದ್ದಾಗ, ಅವರು ಅಲ್ಲೇ ಹತ್ತೊಂಬತ್ತು ದಿನ ಕೂತಿದ್ದರು. ಇಪ್ಪತ್ತನೆಯ ದಿನ ಲಾರಿಗಳು ದಾಟಿದವು. ಆ ಗಲಭೆಯಲ್ಲಿ ಗಂಡಂದಿರನ್ನು ಕಳೆದುಕೊಂಡ ಎರಡೂ ದಡದ ಹೆಂಗಸರನ್ನು ಸೇರಿಸಿ ಒಂದು ಬೇಕರಿ ಹಾಕಿಸಿದರು. ಮೊದಲ ಒಂದು ವರ್ಷ ಆ ಹೆಂಗಸರು ಒಂದೇ ಹಿಟ್ಟು ನಾದುತ್ತಾ ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ. ಭಂತೆ ಅವರಿಗೆ ಬುದ್ಧಿ ಹೇಳಲಿಲ್ಲ, ದಿನಾ ಬೆಳಗ್ಗೆ ಹೋಗಿ ಒಲೆಗೆ ಸೌದೆ ಒಡೆದು ಕೊಟ್ಟು ಬರುತ್ತಿದ್ದರು. ಹೀಗೆ ಅಡ್ಡ ಕೂತು ಎರಡು ಸಲ ಜೈಲು ಕಂಡವರು. ದೂರದೂರದ ಊರುಗಳಲ್ಲಿ ಹೊಡೆದಾಟ ನಡೆದರೂ ಕರೆ ಬರುತ್ತಿದ್ದದ್ದು ಅವರಿಗೇ.

ಈ ಸಲ ಜನ ಅವರನ್ನು ಪಕ್ಕಕ್ಕೆ ನೂಕಿ ನಡೆದರು. ಕಂಬಿಗೆ ಬಡಿದು ಹೆಗಲ ಮೂಳೆ ಮುರಿಯಿತು. ಮುರಿದ ಹೆಗಲಲ್ಲೇ ಆಚೆ ಹೋಗಿ, ಮಾರನೆಯ ಬೆಳಗ್ಗೆ ಮನೆ ಕಳೆದುಕೊಂಡ ಅರವತ್ತು ಜನರನ್ನು ಸೇತುವೆ ದಾಟಿಸಿ ವಿಹಾರಕ್ಕೆ ಕರೆತಂದರು.

ಜವಳಿ ಸಾಹುಕಾರರು ಸಮಿತಿಯವರೊಂದಿಗೆ ಬಂದು, “ಇದು ನಮ್ಮ ವಿಹಾರ ಭಂತೇ, ಛತ್ರ ಅಲ್ಲ. ಇವರನ್ನ ಕಳಿಸಿ,” ಎಂದರಂತೆ.

“ಕಳಿಸೋಕೆ ಅವರಿಗೆ ಮನೆ ಎಲ್ಲಿದೆ? ನೀವು ತೋರಿಸಿ, ಕಳಿಸ್ತೀನಿ,” ಎಂದರಂತೆ ಭಂತೆ.

ಅಂದಿನಿಂದ ಊರು ಅವರಿಗೆ ಭಿಕ್ಷೆ ನಿಲ್ಲಿಸಿತು. ದಿನವೂ ಬೆಳಗ್ಗೆ ಅವರು ಪಾತ್ರೆ ಹಿಡಿದು ಬೀದಿಗೆ ಬರುತ್ತಿದ್ದರು. ಹೆಜ್ಜೆ ಸದ್ದು ಕೇಳಿದ್ದೇ ತಡ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಅವರು ಪ್ರತಿ ಬಾಗಿಲ ಮುಂದೆಯೂ ಮೊದಲು ನಿಲ್ಲುತ್ತಿದ್ದಷ್ಟೇ ಹೊತ್ತು ನಿಂತು ಮುಂದೆ ಹೋಗುತ್ತಿದ್ದರು. ಮೈಕಣ್ಣನ ಹೆಂಡತಿಯೂ ಬಾಗಿಲು ಮುಚ್ಚಿದಳು. ಮುಚ್ಚಿ, ಅಗುಳಿಗೆ ಬೆನ್ನು ಕೊಟ್ಟು ನಿಂತು, ಹೆಜ್ಜೆ ಸದ್ದು ದೂರವಾಗುವವರೆಗೂ ಉಸಿರು ಬಿಗಿಹಿಡಿದಿದ್ದಳು.

“ಎಲ್ಲರೂ ಮುಚ್ಚಿದಾರೆ. ನಾವು ಒಬ್ಬರೇ ತೆಗೆದರೆ ನಾಳೆ ಈ ಬೀದೀಲಿ ಬಾಳೋಕಾಗುತ್ತಾ?” ಎಂದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅದೇ ವಾರ ಜವಳಿ ಸಾಹುಕಾರರು ಮೈಕಣ್ಣನ ಅಂಗಡಿಗೆ ಬಂದರು. ಎಂದೂ ಬಾರದವರು ಸ್ಟೂಲಿನ ಮೇಲೆ ಕೂತು ಅವನ ಯೋಗಕ್ಷೇಮ ವಿಚಾರಿಸಿದರು.

“ವಿಚಾರಣೆಗೆ ಒಬ್ಬ ಜಡ್ಜು ಬರ್ತಾರಂತೆ ಮೈಕಣ್ಣ. ಭಾಷಣದಿಂದ ಬೆಂಕಿ ಬಿತ್ತಾ, ಜನ ತಾವಾಗೇ ಹೋದರಾ, ಅದೇ ಪ್ರಶ್ನೆ. ಮೈಕು ನಡುವೆ ಕೆಟ್ಟುಹೋಯ್ತು, ಯಾರಿಗೂ ಏನೂ ಸರಿಯಾಗಿ ಕೇಳಿಸಲಿಲ್ಲ ಅಂತ ನಾವೆಲ್ಲ ಹೇಳ್ತೀವಿ. ನೀನೂ ಹಾಗೇ ಹೇಳಿದರೆ ಮುಗೀತು. ಮೈಕಿನ ವಿಷಯದಲ್ಲಿ ನಿನ್ನ ಮಾತಿಗಿಂತ ಹೆಚ್ಚು ಯಾರದು?”

“ಕೆಟ್ಟಿರಲಿಲ್ಲ ಸಾಹುಕಾರ್ರೇ.”

“ಅದು ನಿನಗೂ ಗೊತ್ತು, ನನಗೂ ಗೊತ್ತು,” ಸಾಹುಕಾರರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. “ನನ್ನ ಅಂಗಡಿ ಹುಡುಗಿ ಆ ಬಸ್ಸಲ್ಲಿ ಹೋದಳು. ಹತ್ತೊಂಬತ್ತು ವರ್ಷ. ಬಾಂಬು ಇಟ್ಟವರಿಗೆ ಅಡುಗೆ ಮಾಡಿ ಹಾಕಿದ್ದು ಯಾರು? ಆ ಬೀದಿಯವರೇ. ಈಗ ಅವರ ಪರ ನಿಂತು ನಮ್ಮ ಹುಡುಗರನ್ನ ಜೈಲಿಗೆ ಕಳಿಸ್ತೀಯಾ? ಯೋಚನೆ ಮಾಡು.”

ಮೈಕಣ್ಣ ಯೋಚನೆ ಮಾಡಿದ. ಕೆಟ್ಟಿತ್ತು ಎಂದುಬಿಡುವುದು ಸುಲಭವೇ. ಆದರೆ ಆಚೆ ದಡದ ವೈಂಡಿಂಗ್ ಭಾವ ಆಸ್ಪತ್ರೆಯಲ್ಲಿದ್ದಾನೆ ಎಂಬ ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು.

ವೈಂಡಿಂಗ್ ಭಾವನೆಂದರೆ ಸುಟ್ಟ ಮೋಟಾರು, ಫ್ಯಾನು, ಹಾರ್ನ್‌ಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವವನು. ಮೈಕಣ್ಣನ ಸಾಮಾನು ಇಪ್ಪತ್ತು ವರ್ಷದಿಂದ ಅವನ ಕೈಯಲ್ಲೇ ರಿಪೇರಿ. ಇಬ್ಬರ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧವೇನೂ ಇಲ್ಲ. ಒಮ್ಮೆ ತಮಾಷೆಗೆ ಕರೆದದ್ದು ಹಾಗೇ ಅಂಟಿಕೊಂಡಿತ್ತು. “ಏನೋ ಮೈಕಣ್ಣ, ನಿನ್ನ ಅಕ್ಕನಿಗೆ ಮದುವೆ ಆಗಿ ಮೊಮ್ಮಕ್ಕಳೂ ಆದವು, ಇನ್ನೂ ನನ್ನನ್ನೇ ಭಾವ ಅಂತೀಯಲ್ಲ,” ಎಂದು ವೈಂಡಿಂಗ್ ಭಾವ ನಗುತ್ತಿದ್ದ.

*

ಮೈಕಣ್ಣ ಆಸ್ಪತ್ರೆಗೆ ಹೋಗುವ ಧೈರ್ಯವಿಲ್ಲದೆ ವಿಹಾರಕ್ಕೆ ಹೋದ. ಅಂಗಳದ ತುಂಬ ಜನ. ಒಂದೇ ಹಂಡೆಯಲ್ಲಿ ತೆಳ್ಳಗಿನ ಗಂಜಿ ಕುದಿಯುತ್ತಿತ್ತು. ಬೇಕರಿಯ ಹೆಂಗಸರು ಹಿಂದಿನ ದಿನದ ಬ್ರೆಡ್ಡು ತಂದು ಹಂಚುತ್ತಿದ್ದರು. ದೊಡ್ಡ ಭಂತೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಹೆಗಲಿಗೆ ಪಟ್ಟಿ ಕಟ್ಟಿತ್ತು. ಎದೆಯಲ್ಲಿ ಕಫ ಗೊರಗುಟ್ಟುವುದು ಬಾಗಿಲಿಗೇ ಕೇಳಿಸುತ್ತಿತ್ತು. ಭಿಕ್ಷೆ ನಿಂತ ಮೇಲೆ ಅವರು ಊಟ ಮಾಡುವುದನ್ನು ಕಂಡವರೇ ಇರಲಿಲ್ಲ.

ಮೈಕಣ್ಣ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಹಾರ್ನ್ ತಿರುಗಿಸಿದ್ದು, ಶಿಳ್ಳೆ ಸರಿಮಾಡಿದ್ದು, ಗುಂಡಿಯ ಮೇಲೆ ಬೆರಳಿದ್ದರೂ ಸುಮ್ಮನಿದ್ದದ್ದು. ಹೇಳಿ ಮುಗಿಸಿ, ಸಮಾಧಾನದ ಒಂದು ಮಾತಿಗೆ ಕಾದ.

ಭಂತೆ, “ಅವನು ನನ್ನ ಹತ್ರ ಬಂದಾಗ ಏಳು ವರ್ಷ,” ಎಂದರು. ಚಿಕ್ಕ ಭಂತೆಯ ಬಗ್ಗೆ ಹೇಳುತ್ತಿದ್ದಾರೆ ಎಂದು ತಿಳಿಯಲು ಮೈಕಣ್ಣನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ತಂಗಿ ಸತ್ತ ದಿನ ನನ್ನ ಕೈ ಹಿಡ್ಕೊಂಡು, ಗುರುಗಳೇ, ಇವತ್ತೊಂದು ದಿನ ಹೋಗಬೇಡಿ ಅಂದ. ಪಕ್ಕದ ಊರಲ್ಲಿ ಶಾಂತಿ ಸಭೆ ಇತ್ತು. ಮಾತು ಕೊಟ್ಟಿದ್ದೆ. ಹೋದೆ. ಅಲ್ಲಿ ಎರಡು ಗಂಟೆ ಶಾಂತಿ ಬಗ್ಗೆ ಮಾತಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು.” ಕೆಮ್ಮು ಬಂತು. ತಡೆದುಕೊಂಡರು. “ವಾಪಸು ಬರೋ ಹೊತ್ತಿಗೆ ಅವನ ಪಕ್ಕ ಬೇರೆಯವರು ಕೂತಿದ್ದರು. ಇದನ್ನ ನಾನು ವಿಚಾರಣೇಲಿ ಹೇಳ್ತೀನಿ. ಅವನನ್ನ ಬಿಟ್ಟುಹೋದವನು ನಾನು ಅಂತ.”

“ಮತ್ತೆ ನನ್ನ ತಪ್ಪು, ಭಂತೇ?” ಮೈಕಣ್ಣ ಅವರ ಕಾಲು ಹಿಡಿದ. “ನನ್ನನ್ನ ಕ್ಷಮಿಸಿಬಿಡಿ.”

“ನಾನು ಹೇಗೆ ಕ್ಷಮಿಸಲಿ? ಬೆಂಕಿ ಬಿದ್ದದ್ದು ನನ್ನ ಮನೆಗಲ್ಲವಲ್ಲ ಮೈಕಣ್ಣ.” ಅವರು ಇದನ್ನು ಗದರಿ ಹೇಳಲಿಲ್ಲ. ದಾರಿ ಕೇಳಿದವನಿಗೆ ದಾರಿ ಹೇಳುವ ಹಾಗೆ ಹೇಳಿದರು.

*

ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕೊನೆಯ ಮಂಚ. ವೈಂಡಿಂಗ್ ಭಾವನ ಎರಡೂ ಕೈ ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿದ್ದವು. ಮೈಕಣ್ಣ ತಂದ ಹಣ್ಣಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

“ಕೂದಲೆಳೆಯಷ್ಟು ತೆಳ್ಳಗಿನ ತಂತಿ ಹಿಡಿಯೋ ಬೆರಳು,” ಎಂದ ವೈಂಡಿಂಗ್ ಭಾವ, ಸೂರು ನೋಡುತ್ತಾ. “ಇನ್ನು ಚಮಚ ಹಿಡಿದರೆ ಹೆಚ್ಚು ಅಂತಾರೆ ಡಾಕ್ಟರು.”

“ಭಾವ, ನಾನು...”

“ಅಪ್ಪನ್ನ ಎತ್ತೋಕೆ ಹೋದೆ. ಲಕ್ವ ಹೊಡೆದ ಮನುಷ್ಯ, ಮಂಚದಿಂದ ಏಳೋಕಾಗಲ್ಲ. ಮಂಚಕ್ಕೇ ಬೆಂಕಿ ಹತ್ತಿತ್ತು.” ಅವನ ಕಣ್ಣು ಇನ್ನೂ ಸೂರಿನ ಮೇಲೇ ಇತ್ತು. “ಭಾಷಣ ನಮಗೆ ಚೆನ್ನಾಗಿ ಕೇಳಿಸ್ತು ಕಣೋ. ಒಂದೊಂದು ಅಕ್ಷರವೂ. ಅಷ್ಟು ಸ್ಪಷ್ಟವಾಗಿ ಕೇಳಿಸೋದು ನಿನ್ನ ಮೈಕು ಒಂದೇ. ಅಪ್ಪ ಕೇಳಿದರು, ಯಾರೋ ಅದು ಏಳಿ ಏಳಿ ಅಂತಿರೋದು, ನನ್ನನ್ನೇನಾ ಅಂತ.”

ಪಕ್ಕದ ಮಂಚದವರು ನರಳುತ್ತಿದ್ದರು. ಮೈಕಣ್ಣ ಇಲ್ಲಿಯವರೆಗೆ ನೂರು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತೆಲ್ಲ ಕರಗಿಹೋಗಿ ಒಂದೇ ಉಳಿಯಿತು.

“ಆ ಹಾರ್ನ್ ನಿಮ್ಮ ಕಡೆ ತಿರುಗಿಸಿದ್ದು ನಾನೇ, ಭಾವ.”

“ಗೊತ್ತು. ನಿನ್ನ ಕಂಬಕ್ಕೆ ಇನ್ಯಾರು ಹತ್ತುತ್ತಾರೆ?” ವೈಂಡಿಂಗ್ ಭಾವ ಮೊದಲ ಸಲ ಅವನ ಕಡೆ ತಿರುಗಿದ. “ಅದರ ಒಳಗಿನ ತಂತಿ ಸುತ್ತಿದ್ದು ನಾನು. ಹೋದ ತಿಂಗಳು. ದಿನವೆಲ್ಲ ಅದನ್ನೇ ಯೋಚಿಸ್ತಾ ಮಲಗಿರ್ತೀನಿ. ಈಗ ಹೋಗು. ಹಣ್ಣು ತಗೊಂಡು ಹೋಗು. ಇನ್ನು ಇಲ್ಲಿಗೆ ಬರಬೇಡ.”

ಮೈಕಣ್ಣ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ವೈಂಡಿಂಗ್ ಭಾವ ಹೇಳಿದ್ದನ್ನೆಲ್ಲ ಹೆಂಡತಿಗೆ ಹೇಳಿದ. ಮೂರನೆಯ ಬೆಳಗ್ಗೆ ಬೀದಿಯಲ್ಲಿ ಹೆಜ್ಜೆ ಸದ್ದು ಕೇಳಿದಾಗ ಅವಳು ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಹೊರಗೆ ಹೋದಳು. ದೊಡ್ಡ ಭಂತೆ ಬೇಕರಿಯ ಮುದುಕಿಯೊಬ್ಬಳ ತೋಳು ಹಿಡಿದು ನಿಧಾನವಾಗಿ ಬರುತ್ತಿದ್ದರು. ಅಕ್ಕಪಕ್ಕದ ಕಿಟಕಿಗಳ ಹಿಂದೆ ಕಣ್ಣುಗಳಿದ್ದವು. ಅವಳು ಪಾತ್ರೆಯ ತುಂಬ ಅನ್ನ ಹಾಕಿ, “ಅವತ್ತು ಮನೇಲೇ ಇದ್ದೆ ಭಂತೇ, ಬೇಕು ಅಂತಲೇ ಬಾಗಿಲು ಹಾಕಿದ್ದೆ,” ಎಂದು ಅತ್ತಳು. ಭಂತೆ ತಲೆಯಾಡಿಸಿದರು.

ಅದೇ ಅವರ ಕೊನೆಯ ಭಿಕ್ಷೆ. ಆ ಅನ್ನವನ್ನೂ ಅಂಗಳದ ಮಕ್ಕಳಿಗೇ ಬಡಿಸಿಬಿಟ್ಟರಂತೆ. ಮರುದಿನ ಮೇಲೇಳಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ವಿಚಾರಣೆಯಲ್ಲಿ ಹೇಳುತ್ತೇನೆಂದ ಮಾತು ಅವರ ಜೊತೆಗೇ ಹೋಯಿತು. ದೇಹ ಹೊತ್ತವರಲ್ಲಿ ಹೆಚ್ಚಿನವರು ಆಚೆ ದಡದವರು. ಚಿಕ್ಕ ಭಂತೆ ದೂರದಲ್ಲಿ, ಮರದ ಕೆಳಗೆ, ಒಬ್ಬರೇ ನಿಂತಿದ್ದರು. ಯಾರೂ ಅವರನ್ನು ಕರೆಯಲಿಲ್ಲ, ಯಾರೂ ಓಡಿಸಲೂ ಇಲ್ಲ. ಚಿತೆಗೆ ಬೆಂಕಿ ಇಟ್ಟಾಗ ಅವರು ಮುಖ ಮುಚ್ಚಿಕೊಂಡರು.

*

ವಿಚಾರಣೆ ನಡೆದದ್ದು ಹಳೆಯ ಕಚೇರಿಯ ಮಹಡಿಯ ಕೋಣೆಯಲ್ಲಿ. ನಿವೃತ್ತ ಜಡ್ಜು, ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತ, ಎರಡು ಕಡೆಯ ವಕೀಲರು, ಬೆಂಚುಗಳ ಮೇಲೆ ಊರಿನವರು. ಮೈಕಣ್ಣನಿಗಿಂತ ಮೊದಲು ಬಂದ ಏಳು ಸಾಕ್ಷಿಗಳೂ ಒಂದೇ ಪಾಠ ಒಪ್ಪಿಸಿದರು. ಮೈಕು ಕೆಟ್ಟಿತ್ತು, ಬರೀ ಗೊರಗೊರ ಸದ್ದು, ಏನೂ ಕೇಳಿಸಲಿಲ್ಲ. ಕೇಳುತ್ತಾ ಕೇಳುತ್ತಾ ಮೈಕಣ್ಣನ ಕಿವಿ ಕಾದವು.

ಅವನ ಸರದಿ ಬಂತು. ಸಾಹುಕಾರರು ಮುಂದಿನ ಬೆಂಚಿನಲ್ಲಿದ್ದರು. ಅವರ ಪಕ್ಕದಲ್ಲಿ ಚಿಕ್ಕ ಭಂತೆ, ತಲೆ ತಗ್ಗಿಸಿಕೊಂಡು.

“ಮೈಕು ಕೆಟ್ಟಿತ್ತಾ?” ಎಂದು ಜಡ್ಜು ಕೇಳಿದರು.

“ಇಲ್ಲ ಸ್ವಾಮಿ. ನನ್ನ ಮೈಕು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೆಟ್ಟಿಲ್ಲ. ಅವತ್ತೂ ಕೆಟ್ಟಿರಲಿಲ್ಲ.”

ಬೆಂಚುಗಳ ಮೇಲೆ ಗುಸುಗುಸು ಎದ್ದಿತು. ಜಡ್ಜು ಒಂದೊಂದಾಗಿ ಕೇಳಿದರು, ಮೈಕಣ್ಣ ಒಂದೊಂದಾಗಿ ಹೇಳಿದ. ಎಷ್ಟು ಹಾರ್ನ್, ಎಲ್ಲಿ ಕಟ್ಟಿತ್ತು, ಯಾವಾಗ ತಿರುಗಿತು, ತಿರುಗಿಸಲು ಹೇಳಿದವರು ಯಾರು. ಚಿಕ್ಕ ಭಂತೆಯ ಹೆಸರು ಹೇಳುವಾಗ ಅವನ ದನಿ ತಗ್ಗಿತು, ನಿಲ್ಲಲಿಲ್ಲ. “ಅವರ ತಂಗಿ ಸತ್ತು ಹತ್ತು ದಿನ ಆಗಿತ್ತು ಸ್ವಾಮಿ. ಅದನ್ನೂ ಬರ್ಕೊಳ್ಳಿ. ದೊಡ್ಡ ಭಂತೆ ಇದ್ದಿದ್ದರೆ ಅವರೇ ಹೇಳ್ತಿದ್ದರು,” ಎಂದ. ಚಿಕ್ಕ ಭಂತೆ ತಲೆ ಎತ್ತಿ ನೋಡಿದರು.

ಗುಮಾಸ್ತ ಎಲ್ಲವನ್ನೂ ಕಚೇರಿಯ ಭಾಷೆಗೆ ಇಳಿಸಿ, ಹಾಳೆ ತೆಗೆದು ಗಟ್ಟಿಯಾಗಿ ಓದಿದ. “ಸಭೆಗೆ ಮುಂಚಿತವಾಗಿ ಎರಡು ಹಾರ್ನ್‌ಗಳನ್ನು ಕಾಲುವೆಯ ದಿಕ್ಕಿಗೆ ತಿರುಗಿಸಲಾಯಿತು. ಧ್ವನಿಯು ಸ್ಪಷ್ಟವಾಗಿತ್ತು. ಸರಿ ಇದೆಯಾ? ಇಲ್ಲಿ ಸಹಿ ಹಾಕಿ.”

ಮೈಕಣ್ಣ ಪೆನ್ನು ತೆಗೆದುಕೊಂಡ. ಹಾಳೆಯ ಮೇಲೆ ಬಗ್ಗಿದವನು ಹಾಗೇ ನಿಂತ.

“ಒಂದು ಮಾತು ತಪ್ಪಿದೆ. ತಿರುಗಿಸಲಾಯಿತು ಅಂತ ಬರೆದಿದೀರಿ.”

“ನೀವೇ ಹೇಳಿದ್ದಲ್ಲವೇ?”

“ನಾನು ಹಾಗೆ ಹೇಳಲಿಲ್ಲ. ನಾನು ತಿರುಗಿಸಿದೆ ಅಂತ ಬರೀರಿ. ನನ್ನ ಹೆಸರು ಹಾಕಿ.”

ವಕೀಲರೊಬ್ಬರು ಎದ್ದು, “ನೋಡಿ, ಹಾಗೆ ಬರೆಸಿದರೆ ನೀವು ಬರೀ ಸಾಕ್ಷಿಯಾಗಿ ಉಳಿಯೋದಿಲ್ಲ. ನಿಮ್ಮ ಮೇಲೂ ಕೇಸು ಆಗಬಹುದು. ಗೊತ್ತಿದೆಯಾ?” ಎಂದರು.

“ಗೊತ್ತು ಸ್ವಾಮಿ. ವಿಚಾರಿಸಿಕೊಂಡೇ ಬಂದಿದೀನಿ.”

ಗುಮಾಸ್ತ ಜಡ್ಜಿನ ಮುಖ ನೋಡಿದ. ಅವರು ಕನ್ನಡಕ ತೆಗೆದು ಮೈಕಣ್ಣನನ್ನು ಒಂದು ಗಳಿಗೆ ದಿಟ್ಟಿಸಿ, ಗುಮಾಸ್ತನಿಗೆ ತಲೆಯಾಡಿಸಿದರು. ಹೊಸ ಹಾಳೆ ಬಂತು. ಮೈಕಣ್ಣ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಸಹಿ ಮಾಡಿದ.

ಮುಂದಿನ ಸಾಕ್ಷಿಯನ್ನು ಕರೆದರು. ಹಿಂದಿನ ಬೆಂಚಿನಿಂದ ವೈಂಡಿಂಗ್ ಭಾವ ಎದ್ದು ಬಂದ. ಕೈಯ ಪಟ್ಟಿ ಬಿಚ್ಚಿತ್ತು. ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡಿದ್ದವು. ಕುರ್ಚಿಯಲ್ಲಿ ಕೂತು ಮಾತಾಡಲು ಬಾಯಿ ತೆರೆದ. ಗಂಟಲು ಒಣಗಿ ದನಿ ಹೊರಡಲಿಲ್ಲ. ಗುಮಾಸ್ತ ನೀರಿನ ಲೋಟವನ್ನು ಅವನ ಮುಂದೆ ಸರಿಸಿದ. ಅವನು ಲೋಟ ನೋಡಿದ, ತನ್ನ ಕೈ ನೋಡಿಕೊಂಡ. ಬಾಗಿಲವರೆಗೆ ಹೋಗಿದ್ದ ಮೈಕಣ್ಣ ಅಲ್ಲೇ ನಿಂತಿದ್ದ, ಹತ್ತಿರ ಬರಲೋ ಬೇಡವೋ ತಿಳಿಯದೆ.

ವೈಂಡಿಂಗ್ ಭಾವ ಅವನ ಕಡೆ ನೋಡಿ ಗದ್ದ ಎತ್ತಿ ಲೋಟ ತೋರಿಸಿದ.

ಮೈಕಣ್ಣ ಬಂದು ಲೋಟವನ್ನು ಅವನ ತುಟಿಗೆ ಹಿಡಿದ. ಲೋಟ ಹೆಚ್ಚು ಬಾಗಿ ನೀರು ಸ್ವಲ್ಪ ಅಂಗಿಯ ಮೇಲೆ ಚೆಲ್ಲಿತು.

“ನಿಧಾನ,” ಎಂದ ವೈಂಡಿಂಗ್ ಭಾವ. ಎರಡು ಗುಟುಕು ಕುಡಿದು, “ಸಾಕು,” ಎಂದ. ಆಮೇಲೆ ಜಡ್ಜಿನ ಕಡೆ ತಿರುಗಿದ.

“ಕೇಳಿ ಸ್ವಾಮಿ. ಹೇಳ್ತೀನಿ.”